ದೊರೆಯನ್ನು ಹೊಗಳುವ ಪಾಳಿ, ಬೈಯುವ ಪಾಳಿ

ವೆಂಟ್‌ವರ್ತ್‌ವಿಲ್, ಸಿಡ್ನಿ
೪ ಆಗಸ್ಟ್ ೨೦೨೫

ಚಿನ್ನಮ್ಮ ತಂಗಿಯವರಿಗೆ ಬಸವಣ್ಣೆಪ್ಪ ಮಾಸ್ತರನ ಶರಣು.

ಮೂವತ್ತೆಂಟು ವರ್ಷಗಳ ಹಿಂದೆ ಜಮಖಂಡಿ ಸುತ್ತಲಿನ ಊರುಗಳಲ್ಲಿ ನಾನು ಹರದೇಶಿ ಮೇಳದಿಂದ, ನೀವು ನಾಗೇಶಿ ಮೇಳದಿಂದ ಎದುರುಬದುರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲಿ ಜಗಳಾಡಿದ್ದನ್ನು ನೀವು ಮರೆತಿರಲಾರಿರಿ. ನಾನಂತೂ ಮರೆತಿಲ್ಲ, ಯಾಕೆಂದರೆ ಎರಡು ಸಲ ಸೋತಿದ್ದೇನೆ. ಹೋದ ವರ್ಷ ನೀವು ಮೆಲ್ಬರ್ನಿನಿಂದ ಬಂದಿದ್ದಾಗ ಇಲ್ಲಿಯ ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಮ್ಮ ದನಿ ಕೇಳಿ, ಮುಖ ನೋಡುವ ಮೊದಲೇ ಗುರುತು ಹಿಡಿದೆ.

ಈಗ ಕೆಲಸದ ಮಾತು. ಸಂಘದ ಕಾರ್ಯದರ್ಶಿ ಚಿನ್ಮಯಿ ಬೆಂಗಳೂರಿನ ಹುಡುಗಿ, ಚುರುಕು. ನವೆಂಬರ್ ೮ರ ರಾಜ್ಯೋತ್ಸವಕ್ಕೆ ನಮ್ಮಿಬ್ಬರ ಸವಾಲ್-ಜವಾಬ್ ಬೇಕೆಂದು ಹಟ ಹಿಡಿದಿದ್ದಾಳೆ. ಇಂಗ್ಲೆಂಡಿನ ದೊರೆಯೇ ಈ ದೇಶಕ್ಕೂ ದೊರೆಯಲ್ಲವೇ, ಹೋದ ವರ್ಷ ಆತ ಇಲ್ಲಿಗೆ ಬಂದು ಹೋದಾಗಿನಿಂದ ಸಂಘದಲ್ಲಿ ಅರ್ಧ ಜನ ನಮಗೆ ದೊರೆ ಬೇಕು ಅನ್ನುತ್ತಾರೆ, ಅರ್ಧ ಜನ ಯಾಕೆ ಬೇಕು ಅನ್ನುತ್ತಾರೆ. "ಅಂಕಲ್, ಅದನ್ನೇ ಹಾಡಿಬಿಡಿ" ಅಂದಳು. ಒಬ್ಬರು ದೊರೆಯನ್ನು ಹೊಗಳಬೇಕು, ಒಬ್ಬರು ಅಣಕಿಸಬೇಕು. ಪಾಳಿಗೂ ಸ್ವಂತ ಅಭಿಪ್ರಾಯಕ್ಕೂ ಸಂಬಂಧವಿಲ್ಲವೆಂದು ನಾನು ಆಕೆಗೆ ತಿಳಿಸಿ ಹೇಳಿದ್ದೇನೆ. ಕೊನೆಗೆ ಇಬ್ಬರೂ ಕೂಡಿ ಮಂಗಳ ಹಾಡಬೇಕು ಎಂಬುದನ್ನೂ.

ಪಾಳಿ ಹಂಚುವುದು ಸುಲಭ. ನಾನು ೨೦೧೬ರ ಜನವರಿಯಲ್ಲಿ ಇಲ್ಲಿಯ ಪ್ರಜೆಯಾದೆ. ಅವತ್ತು ಎದೆಯ ಮೇಲೆ ಕೈಯಿಟ್ಟು ರಾಣಿಗೆ ಮಾತು ಕೊಟ್ಟಿದ್ದೇನೆ. ರಾಣಿ ಹೋದಳು, ಮಾತು ಮಗನ ಪಾಲಿಗೆ ಬಂತು. ಆದ್ದರಿಂದ ಹೊಗಳುವ ಪಾಳಿ ನನ್ನದು. ನೀವಿನ್ನೂ ಪಿಆರ್‌ನಲ್ಲಿ, ಅಂದರೆ ಕಾಯಂ ವಾಸದ ಪರವಾನಗಿಯಲ್ಲಿದ್ದೀರಿ, ಯಾರಿಗೂ ಮಾತು ಕೊಟ್ಟವರಲ್ಲ. ಬೈಯುವ ಪಾಳಿ ನಿಮ್ಮದು.

ಫೋನಿನಲ್ಲಿ ಹಾಡಬೇಡಿ, ವಾಟ್ಸಾಪ್‌ನಲ್ಲಿ ಕಳಿಸಲೇಬೇಡಿ, ನವೆಂಬರಿಗೆ ಮೊದಲೇ ಊರೆಲ್ಲ ಕೇಳಿರುತ್ತದೆ. ಪದ ಅಂಚೆಯಲ್ಲೇ ಬರಲಿ. ಮೊದಲ ಪೆಟ್ಟು ನನ್ನದು:

ತಾಯಿ ಇರೂತನಕ ತಲಿ ತಗ್ಗಿಸಿ ನಿಂತ ಮಗನ್ಯಾವ
ಎಪ್ಪತ್ತರ ಮ್ಯಾಲ ಮೂರು ವರುಷ ಕಾದ ಅರಸನ್ಯಾವ
ನಮ್ಮ ಮಕ್ಕಳು ಮೂರ ದಿನ ಕಾಯವಲ್ರು ಹೊಲ ಹಂಚಲಿಕ್ಕ
ಇವ ಮೊಮ್ಮಕ್ಕಳ ಮುಖ ನೋಡಿ ಕುಂತ ಗಾದಿ ಏರಲಿಕ್ಕ

ಉತ್ತರ ಕೊಡಿ, ನೋಡುತ್ತೇನೆ.

ಬಸವಣ್ಣೆಪ್ಪ


ಕ್ರಾನ್‌ಬರ್ನ್, ಮೆಲ್ಬರ್ನ್
೧೪ ಆಗಸ್ಟ್ ೨೦೨೫

ಮಾಸ್ತರ್ರಿಗೆ ಚಿನ್ನಮ್ಮನ ನಮಸ್ಕಾರ.

ನಿಮ್ಮ ಕಾಗದ ಓದಿ ನಕ್ಕೆ. ಸೋತದ್ದು ಎರಡ ಸಲ ಅಲ್ರಿ, ಮೂರು. ಬನಹಟ್ಟ್ಯಾಗ ಸೋತದ್ದನ್ನ ನುಂಗಿಬಿಟ್ಟೀರಿ.

ನನಗ ಬೈಯೂ ಪಾಳಿ ಕೊಟ್ರಲ್ಲ, ನೀವಾಗೇ ಬೆಲ್ಲ ಕೈಯಾಗ ಇಟ್ಟಂಗಾತು. ಇದು ನಮ್ಮ ಮನಿ ವಿದ್ಯಾ. ನಮ್ಮಜ್ಜ ರುದ್ರಪ್ಪ, ಈಗಿನ ದೊರಿಯ ಅಜ್ಜ ಪಟ್ಟಕ್ಕ ಕುಂತ ದಿವಸ, ಮುಂಜಾನೆ ಸಾಲ್ಯಾಗ ದೊರಿನ್ನ ಹೊಗಳಿ ಪದ ಹೇಳಿ ಮಾಸ್ತರ್ರ ಕಡಿಂದ ಪೇಢೆ ಇಸಕೊಂಡ. ಸಂಜಿಗೆ ಅಗಸಿ ಕಟ್ಟಿ ಮ್ಯಾಲ ಅದ ದೊರಿನ್ನ ಅದ ದಾಟ್ಯಾಗ ಅಣಕಿಸಿ ಹಾಡಿ ಆರು ತಿಂಗಳ ಜೇಲಿಗೆ ಹ್ವಾದ. ಪೇಢೆನೂ ಉಂಡ, ಜೇಲಿನ ರೊಟ್ಟಿನೂ ಉಂಡ ಅಂತ ಊರಾಗ ಇನ್ನೂ ಹೇಳ್ತಾರ. ಅವನ ಮೊಮ್ಮಗಳು ನಾ.

ಇಲ್ಲಿ ಎಲ್ಲಾ ಸುಖ. ಮಗಳು ನಿಹಾರಿಕಾ ಕ್ಲೇಟನ್‌ನ್ಯಾಗ ಕಲಿಯಾಕ ಬಂದಾಕಿ, ಈಗ ಬಾಕ್ಸ್ ಹಿಲ್ ದವಾಖಾನ್ಯಾಗ ಕೆಲಸ, ಹೊತ್ತ ಮೂಡೂದ್ರಾಗ ಕಾರು ತಗೊಂಡು ಹೋಗ್ತಾಳ. ಮೊಮ್ಮಗಳು ಸಾನ್ವಿಗೆ ಒಂಬತ್ತು. ನಾ ಕನ್ನಡದಾಗ ಕೇಳಿದ್ರ ಇಂಗ್ಲಿಷಿನ್ಯಾಗ ಹೇಳ್ತಾಳ, ಆದ್ರ ತಾಳ ಮಾತ್ರ ಕನ್ನಡದ್ದ ಹಾಕ್ತಾಳ. ನಾ ಹಾಡಿದ್ರ ಡಬ್ಬಿ ಮುಚ್ಚಳ ಬಡೀತಾಳ, ಒಂದು ಪೆಟ್ಟು ತಪ್ಪೂದಿಲ್ಲ.

ನಿಹಾರಿಕಾ ನನಗೂ ಇಲ್ಲಿ ಪ್ರಜೆ ಆಗೂ ಅರ್ಜಿ ಹಾಕ್ಯಾಳ. ಅರವತ್ತು ದಾಟಿದವರಿಗೆ ಪರೀಕ್ಷೆ ಇಲ್ಲಂತ, ಅದೊಂದ ಚಲೋ ಆತು. ಪಿಆರ್ ಇದ್ರ ಹೊಳ್ಳಿ ಬರೂ ಪರವಾನಗಿ ಆಗಾಗ ಕೇಳಬೇಕಲ್ರಿ. ಹ್ವಾದ ಸಲ ನಾವು ಅದನ್ನ ಮರತು, ನಾ ಮೂರ ತಿಂಗಳು ಜಮಖಂಡ್ಯಾಗ ಕುಂತೆ, ಸಾನ್ವಿ ದಿನಾ ಫೋನಿನ್ಯಾಗ ಅಳತಿದ್ಲು. ಮತ್ತ ಹಂಗ ಆಗಬಾರದು ಅನ್ನೂದ ಒಂದ ಆಸೆ. ಇರಲಿ. ನಿಮ್ಮ ಪೆಟ್ಟಿಗೆ ನನ್ನ ಪೆಟ್ಟು:

ನಮಗ ಪಿಂಚಣಿ ಬರೂ ವಯಸ್ಸಿಗೆ ಇವಗ ನೌಕರಿ ಸಿಕ್ಕೈತ್ರಿ
ನವೆಂಬರದಾಗ ಹುಟ್ಟಿದ ಕೂಸಿಗೆ ಜೂನದಾಗ ಹಬ್ಬಾಗೈತ್ರಿ
ಯಾವ ಸಾಲಿ ಮಾಸ್ತರ ಬರದಾನೋ ದೊರಿ ಹೆಸರಿನ ಮುಂದ ಜೂನ
ಹಡದವ್ವಗ ಒಂದ ಮಾತ ಕೇಳಿದ್ರ ಹೋಗ್ತಿತ್ತೇನ ಮಾನ

ಇಲ್ಲಿ ದೊರಿ ಹುಟ್ಟಹಬ್ಬದ ಸೂಟಿ ಜೂನದಾಗ ಕೊಡತಾರಲ್ರಿ, ಅದಕ್ಕ ಈ ಪದ. ನೀವೂ ಸಾಲಿ ಮಾಸ್ತರ ಅಲ್ರಿ? ಎಷ್ಟ ಮಂದಿಗೆ ಜೂನ್ ಒಂದು ಅಂತ ಹುಟ್ಟಿದ ದಿನ ಬರದೀರಿ, ಖರೆ ಹೇಳ್ರಿ. ನಂದೂ ಜೂನ್ ಒಂದ ಐತಿ.

ಚಿನ್ನಮ್ಮ


ವೆಂಟ್‌ವರ್ತ್‌ವಿಲ್
೨೩ ಆಗಸ್ಟ್ ೨೦೨೫

ಚಿನ್ನಮ್ಮ ತಂಗಿಯವರಿಗೆ,

ನಿಮ್ಮ ಪದ ಓದಿ ಮಗ ಸುಧನ್ವ ಊಟದ ತಾಟು ಬಿಟ್ಟು ನಕ್ಕ. ನಾನು ನಗಲಿಲ್ಲ, ಎದುರಾಳಿ ನಗಬಾರದು. ಜೂನ್ ಒಂದರ ವಿಷಯಕ್ಕೆ ಬಂದರೆ, ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ನಾನೂರು ಮಕ್ಕಳನ್ನಾದರೂ ಆ ದಿನ ಹುಟ್ಟಿಸಿರಬೇಕು. ತಾಯಂದಿರು "ಜ್ವಾಳದ ಸುಗ್ಗ್ಯಾಗ ಹುಟ್ಟೇತ್ರಿ" ಎಂದರೆ ನಾನು ಏನು ಬರೆಯಲಿ?

ನೀವು ಪ್ರಜೆಯಾಗುವ ಸುದ್ದಿ ಕೇಳಿ ಸಂತೋಷವಾಯಿತು. ಆ ದಿನದ ಗಾಂಭೀರ್ಯ ನಿಮಗೆ ಹೇಳಲೇಬೇಕು. ಕೌನ್ಸಿಲ್ ಹಾಲಿನ ಗೋಡೆಯ ಮೇಲೆ ರಾಣಿಯ ದೊಡ್ಡ ಪಟ. ಮೇಯರಮ್ಮ ಕೊರಳಲ್ಲಿ ಬಂಗಾರದ ಸರಪಳಿ ಹಾಕಿಕೊಂಡು ಒಂದೊಂದೇ ಮಾತು ಹೇಳುತ್ತಿದ್ದಳು, ನಾವೆಲ್ಲ ಹಿಂದಿನಿಂದ ಹೇಳಿದೆವು. ಪಾರ್ಕಿಂಗ್ ಸಿಗದೆ ನಾವು ತಡವಾಗಿ ಹೋಗಿದ್ದೆವು, ಕಡೆಯ ಸಾಲಿನಲ್ಲಿ ನಿಂತಿದ್ದೆ, ಮೈಕು ಗುಂಯ್ ಅನ್ನುತ್ತಿತ್ತು. ಆದರೂ ರಾಣಿಗೆ ಕೊಟ್ಟ ಮಾತನ್ನು ಗಟ್ಟಿಯಾಗಿ ಕೊಟ್ಟೆ, ಮೇಯರಮ್ಮ ನನ್ನತ್ತ ನೋಡಿ ನಕ್ಕಳು. ಒಂದು ಸಸಿಯನ್ನೂ ಕೊಟ್ಟರು. ಅದೀಗ ಬೇಲಿಗಿಂತ ಎತ್ತರವಾಗಿದೆ, ಕೆಂಪು ಕುಂಚದಂಥ ಹೂ ಬಿಡುತ್ತದೆ. ಅದಕ್ಕೆ ನೀರು ಹಾಕುವಾಗೆಲ್ಲ ಕೊಟ್ಟ ಮಾತು ನೆನಪಾಗುತ್ತದೆ.

ಆಮೇಲೆ ಒಂದು ದಿನವೂ ಅರಮನೆಯವರ ಬಗ್ಗೆ ನನ್ನ ಬಾಯಿಂದ ಹಗುರ ಮಾತು ಬಂದಿಲ್ಲ. ಮನೆಯಲ್ಲಿ ಟಿವಿ ನೋಡಿ ಎಲ್ಲರೂ ನಗುವಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಒಂದು ಬಾಯಲ್ಲಿ ಆಣೆ, ಅದೇ ಬಾಯಲ್ಲಿ ಅಣಕ, ಅದು ಮರ್ಯಾದಸ್ಥರ ಲಕ್ಷಣವಲ್ಲ. ನಿಮಗಿನ್ನೂ ಆ ಬಂಧನವಿಲ್ಲ, ಮನಸಾರೆ ಬೈಯಿರಿ.

ಬಸವಣ್ಣೆಪ್ಪ


ಕ್ರಾನ್‌ಬರ್ನ್
೧೨ ಸೆಪ್ಟೆಂಬರ್ ೨೦೨೫

ಮಾಸ್ತರ್ರಿಗೆ ನಮಸ್ಕಾರ.

ಕಾಗದ ತಡಾ ಆತು. ನನ್ನ ದನಿ ಬಿದ್ದೈತಿ. ಶುಂಠಿ ಕಷಾಯ ಆತು, ಉಪ್ಪಿನ ನೀರು ಆತು, ಏನೂ ತಗ್ಗವಲ್ದು. ನವೆಂಬರಿಗೆ ನನ್ನ ಕೈಲೆ ಆಗೂದಿಲ್ಲ. ಚಿನ್ಮಯಿಗೆ ಹೇಳಿ ಬ್ಯಾರೆ ಯಾರನ್ನರ ನೋಡಿಕೊಳ್ರಿ. ನಾ ಕಳಿಸಿದ ಪದ ಹರದು ಒಗೀರಿ, ಅದು ಚಲೋ ಇಲ್ಲ.

ಚಿನ್ನಮ್ಮ

ಮರತಿದ್ದೆ. ಆಣೆ ಮಾಡೂವಾಗ ದೊರಿ ಹೆಸರು ಹೇಳಾಕಬೇಕೇನ್ರಿ? ಮೆಲ್ಲಗ ಅಂದ್ರ, ಇಲ್ಲಾ ಬಾಯಿ ಅಷ್ಟ ಆಡಿಸಿದ್ರ ನಡೀತೈತೇನು? ಸುಮ್ಮನ ಕೇಳಿದೆ.


ವೆಂಟ್‌ವರ್ತ್‌ವಿಲ್
೧೯ ಸೆಪ್ಟೆಂಬರ್ ೨೦೨೫

ಚಿನ್ನಮ್ಮ ತಂಗಿಯವರಿಗೆ,

ಗಂಟಲಿಗೆ ಬೆಲ್ಲ-ಮೆಣಸು ಹಾಕಿಕೊಳ್ಳಿ. ನಿಮ್ಮ ದನಿ ಮಾತ್ರ ಬಿದ್ದಿದೆಯೋ, ನನ್ನ ಹೊಗಳಿಕೆಗೆ ಎದುರು ಪದ ಹೊಳೆಯದೆ ಧೈರ್ಯವೂ ಬಿದ್ದಿದೆಯೋ, ನನಗೆ ಸಂಶಯ. ಬನಹಟ್ಟಿಯ ಲೆಕ್ಕ ತೆಗೆದವರು ಇಷ್ಟು ಬೇಗ ಮಣೆ ಬಿಟ್ಟು ಏಳುತ್ತಾರೆಂದು ನಾನು ತಿಳಿದಿರಲಿಲ್ಲ. ಏಳುವುದಾದರೆ ಸೋತೆ ಎಂದು ಬರೆದು ಏಳಿ.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ಹೆಸರು ಹೇಳಲೇಬೇಕು. ಗಟ್ಟಿಯಾಗಿ ಹೇಳಬೇಕು. ಬರೀ ಬಾಯಿ ಆಡಿಸುವುದು ನಮ್ಮಂಥವರಿಗೆ ಶೋಭಿಸುವುದಿಲ್ಲ. ಮುಂದೆ ಕೂತ ಅಧಿಕಾರಿಗಳು ಎಲ್ಲರ ತುಟಿ ನೋಡುತ್ತಿರುತ್ತಾರೆ.

ಬಸವಣ್ಣೆಪ್ಪ


ವೆಂಟ್‌ವರ್ತ್‌ವಿಲ್
೩ ಅಕ್ಟೋಬರ್ ೨೦೨೫

ಶ್ರೀಮತಿ ಚಿನ್ನಮ್ಮನವರಿಗೆ,

ನಿನ್ನೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ನಿಮ್ಮೂರಿನ ಜಯಲಕ್ಷ್ಮಿ ಎಂಬವರ ಮನೆಯಲ್ಲಿ ತೆಗೆದದ್ದು. ನೀವು ಸೋಫಾದ ಮೇಲೆ ಕುಳಿತು ಜೂನ್ ತಿಂಗಳ ಪದ ಹೇಳುತ್ತಿದ್ದೀರಿ, ಮೊಮ್ಮಗಳು ಮುಚ್ಚಳ ಬಡಿಯುತ್ತಿದ್ದಾಳೆ. ಗಂಟಲು ಗಂಟೆ ಇದ್ದ ಹಾಗಿದೆ.

ಅಂದರೆ ಸಿಡ್ನಿಗೆ ಬರಲು ದನಿ ಇಲ್ಲ, ಜಯಲಕ್ಷ್ಮಿಯವರ ಸೋಫಾಕ್ಕೆ ದನಿ ಇದೆ. ಅಂಚೆಯಲ್ಲೇ ಇರಲಿ ಎಂದು ನಾನು ಹೇಳಿದ್ದ ಪದವನ್ನು ಊರಿಗೆಲ್ಲ ಬಿಟ್ಟಿದ್ದೀರಿ. ಮೂವತ್ತೆಂಟು ವರ್ಷದಲ್ಲಿ ನೀವು ನನ್ನನ್ನು ಸೋಲಿಸಿದ್ದೀರಿ, ಸುಳ್ಳು ಹೇಳಿರಲಿಲ್ಲ. ನನ್ನ ಜೊತೆ ಹಾಡಲು ಮನಸ್ಸಿಲ್ಲದಿದ್ದರೆ ಹಾಗೆಂದು ಒಂದು ಸಾಲು ಬರೆಯಬಹುದಿತ್ತು. ಚಿನ್ಮಯಿಗೆ ಕಾರ್ಯಕ್ರಮ ಬೇಡವೆಂದು ಹೇಳುತ್ತೇನೆ.

ಬಸವಣ್ಣೆಪ್ಪ


ಕ್ರಾನ್‌ಬರ್ನ್
೪ ಅಕ್ಟೋಬರ್ ೨೦೨೫

ಮಾಸ್ತರ್ರಿಗೆ,

ನಿಮಗ ಒಂದು ಸುಳ್ಳು ಹೇಳೀನಿ, ಅದು ಎದ್ಯಾಗ ಕುಂತೈತಿ. ಎಲ್ಲಾ ಬರೀತೀನಿ, ಸಮಾಧಾನದಿಂದ ಓದ್ರಿ.

ನನ್ನ ಗಂಟಲಿಗೆ ಏನೂ ಆಗಿಲ್ಲ. ಸೆಪ್ಟೆಂಬರ್ ಎರಡಕ್ಕ ನನಗ ಸರಕಾರದ ಕಾಗದ ಬಂತು. ಅಕ್ಟೋಬರ್ ೨೩, ಗುರುವಾರ, ನನ್ನ ಆಣೆ. ಕಾಗದ ನೋಡಿ ನಿಹಾರಿಕಾ ಕುಣದಾಡಿದ್ಲು. ನಾ ದಿನ ಎಣಿಸಿ ನೋಡಿದೆ. ೨೩ಕ್ಕ ನಾ ದೊರಿಗೆ ಮಾತು ಕೊಡಾಕಿ, ಹದಿನಾರ ದಿವಸಕ್ಕ ಸಿಡ್ನಿಗೆ ಬಂದು ಐದನೂರ ಮಂದಿ ಮುಂದ ಅವನ್ನ ಬೈಯಾಕಿ. ಅವತ್ತ ನಿಮ್ಮ ಹಳೇ ಕಾಗದ ತಗದು ಓದಿದೆ. ಒಂದ ಬಾಯಾಗ ಆಣೆ, ಅದ ಬಾಯಾಗ ಅಣಕ, ಮರ್ಯಾದಸ್ಥರ ಲಕ್ಷಣ ಅಲ್ಲ ಅಂತ ಬರದೀರಿ. ಖರೆ ಅನಿಸ್ತು. ಹಾಡಿನ್ಯಾಗ ನಾ ಏನರ ಅಂದೇನು, ಆಣಿ ಮಾತಿನ್ಯಾಗ ಸುಳ್ಳಾಡಾಕ ನಮ್ಮ ಗುರು ಕಲಿಸಿಲ್ಲ.

ಅದಕ್ಕ ಪದಾ ಬಿಡೂದು ಅಂತ ಮಾಡಿದ್ದೆ. ಆದ್ರ ಆಗಸ್ಟ್‌ನ್ಯಾಗ, ಇನ್ನೂ ಕಾಗದ ಬರೂ ಮೊದಲ, ಜಯಲಕ್ಷ್ಮಿ ಮನ್ಯಾಗ ಒಂದ ಸಲ ಹಾಡಿದ್ದೆ. ಆಕಿ ಫೋನ್ ಹಿಡದದ್ದು ನನಗ ಗೊತ್ತಿಲ್ಲ. ಮೊನ್ನೆ ಅದನ್ನ ಗ್ರೂಪಿಗೆ ಹಾಕ್ಯಾಳ, ಚಲೋ ಮನಸಿನಿಂದನ ಹಾಕ್ಯಾಳ. ಅದಕ್ಕ ಯಾರೋ ಇಂಗ್ಲಿಷಿನ್ಯಾಗ ಅರ್ಥನೂ ಬರದು ಕಳಸ್ಯಾರ. ನೂರಾರು ಮಂದಿ ನೋಡ್ಯಾರಂತ.

ಆವತ್ತಿಂದ ನನಗ ಅನ್ನ ಸೇರವಲ್ದು. ಅರ್ಜ್ಯಾಗ ಒಳ್ಳೆ ನಡತಿ ಅಂತ ಒಂದು ಮಾತು ಐತಿ, ಅದನ್ನ ನಿಹಾರಿಕಾ ಓದಿ ಹೇಳಿದ್ದು ನೆನಪೈತಿ. ಯಾರರ ಒಬ್ರು ಆ ವಿಡಿಯೋ ಸಾಹೇಬರಿಗೆ ತೋರಿಸಿದ್ರ? ಇವಳು ದೊರಿನ್ನ ಬೈದಾಕಿ, ದೊರಿಗೆ ಆಣೆ ಮಾಡಾಕ ಬಂದಾಳ ಅಂದ್ರ? ನಮ್ಮಜ್ಜ ಜೇಲಿಗೆ ಹ್ವಾದ ಕಥಿ ನಿಮಗ ನಕ್ಕೋತ ಬರದಿದ್ದೆ. ನಮ್ಮ ಅಮ್ಮ, ಅಜ್ಜನ ಹೆಂಡತಿ, ಆ ಕಥಿ ಹೇಳೂವಾಗ ಒಂದ ದಿನಾನೂ ನಕ್ಕಿದ್ದಿಲ್ಲ. ಆರ ತಿಂಗಳು ಆಕಿ ಮೂರ ಮಕ್ಕಳ ಕಟಗೊಂಡು ಮಂದಿ ಹೊಲದಾಗ ಕಳೆ ತಗದಾಳ. ಅಜ್ಜ ಬಂದಾಗ ಸಣ್ಣ ಮಗ ಅವನ್ನ ಗುರುತ ಹಿಡೀಲಿಲ್ಲಂತ. ನನಗೀಗ ಅಜ್ಜನ ಹಾಡು ನೆನಪಾಗೂದಿಲ್ಲ, ಅಮ್ಮನ ಮಾರಿ ನೆನಪಾಗತೈತಿ. ನನ್ನ ಹೊಳ್ಳಿ ಊರಿಗೆ ಕಳಿಸಿದ್ರ ನಾ ಹೆಂಗರ ಇರತೀನಿ. ಸಾನ್ವಿನ್ನ ಬಿಟ್ಟು ಹೆಂಗ ಇರಲಿ?

ನಿಹಾರಿಕಾನ್ನ ಕೇಳಬಹುದಿತ್ತು. ಕೇಳಿದ್ರ ಹಾಡಿನ ಮಾತು ಹೊರಗ ಬೀಳತೈತಿ. ಆಣಿ ಮಾತು ಕಲಿಸು ಅಂದ್ರ, ಕಲಿಯೂದು ಏನಿಲ್ಲವ್ವ, ಅವ್ರು ಅಂದಂಗ ಅನ್ನು, ಅಷ್ಟ ಅಂತಾಳ. ಆಕಿಗೆ ಕೆಲಸದಾಗ ಪುರಸೊತ್ತಿಲ್ಲ. ನನಗ ಇಂಗ್ಲಿಷ್ ಬರೂದಿಲ್ಲ, ಕಿಂಗ್ ಅನ್ನೂ ಮಾತೊಂದ ಬರತೈತಿ. ಆ ಮಾತು ಬಂದಾಗ ಗಟ್ಟಿಯಾಗಿ ಅನ್ನಬೇಕು ಅಂತ ನೀವ ಬರದೀರಿ. ದಿನಾ ಬಚ್ಚಲದಾಗ ನಿಂತು ಕಿಂಗ್, ಕಿಂಗ್ ಅಂತ ಕಲೀತೀನಿ.

ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.

ಚಿನ್ನಮ್ಮ


ವೆಂಟ್‌ವರ್ತ್‌ವಿಲ್
೧೦ ಅಕ್ಟೋಬರ್ ೨೦೨೫

ತಂಗೀ,

ನನ್ನ ಮೂರನೇ ತಾರೀಖಿನ ಕಾಗದ ನಿನಗ ಮುಟ್ಟಿದ್ರ ಒಲಿಗೆ ಹಾಕು. ಅದು ನಿನ್ನ ಕಾಗದ ಬರೂ ಮೊದಲ ಬರದದ್ದು. ಬರದ ಕೈ ನೋಡಿಕೊಂಡ್ರ ನನಗ ನಾಚಿಕಿ ಬರತೈತಿ. ಗ್ರಾಂಥಿಕ ಭಾಷೆ ಇವತ್ತ ನನ್ನ ಕೈಯಾಗ ಬರವಲ್ದು, ನಮ್ಮ ಮಾತಿನ್ಯಾಗ ಬರೀತೀನಿ.

ಮೊದಲ ಕೆಲಸ, ನಿನ್ನೆ ಜಯಲಕ್ಷ್ಮಿ ಅವರಿಗೆ ಫೋನ್ ಮಾಡಿದೆ. ಪಾಪ, ಅವ್ರಿಗೆ ಏನೂ ಗೊತ್ತಿಲ್ಲ. ಹತ್ತ ನಿಮಿಷದಾಗ ಎಲ್ಲಾ ಗ್ರೂಪಿನಿಂದ ತಗಸ್ಯಾರ. ಯಾಕ ಅಂತ ಕೇಳಿದ್ರು, ಹಾಡು ನವೆಂಬರಿಗೆ ಕಾದಿಡಬೇಕು ಅಂದೆ. ನಿನ್ನ ಹೆಸರು ಎತ್ತಿಲ್ಲ.

ಎರಡನೇ ಮಾತು. ಆ ಪದ ನಾ ಬರದದ್ದು ಅಂತ ಹೇಳ್ತೀನಿ. ನೀ ಬರೇ ಹಾಡಿ ತೋರಿಸಿದಿ, ಮಾಸ್ತರ ಬರಕೊಟ್ಟ ಪದ ಅಂತ. ಯಾರರ ಕೇಳಿದ್ರ ನನ್ನ ಕಡೆ ಬೊಟ್ಟು ಮಾಡು. ಚಿನ್ಮಯಿಗೂ ಹೇಳೀನಿ, ಪಾಳಿ ಬದಲಾತು, ಬೈಯೂದು ನಂದು, ಹೊಗಳೂದು ಚಿನ್ನಮ್ಮಂದು. ನನಗ ಎಪ್ಪತ್ತೆರಡು ಆತು. ಪ್ರಜೆ ಆಗಿ ಒಂಬತ್ತು ವರ್ಷ ಆತು. ನನಗ ಯಾರು ಏನು ಮಾಡ್ಯಾರು?

ನನ್ನ ಆಣೆ ಏನಾತು ಅಂತ ನೀ ಕೇಳ್ತಿ, ಗೊತ್ತೈತಿ. ಎರಡ ದಿವಸ ಅದನ್ನ ಇಟಗೊಂಡು ಹಿತ್ತಲದಾಗ ಆ ಗಿಡದ ಬುಡಕ್ಕ ಕುಂತೆ. ಒಂಬತ್ತು ವರ್ಷ ಕಾಯ್ದ ಮಾತು. ಮುರೀತೀನಿ. ರಾಣಿ ಸತ್ತಾಳ, ನೀ ಇದ್ದೀ. ನಿನ್ನ ಅಂಜಿಕಿ ನನ್ನ ಬಡಿವಾರದಿಂದ ಹುಟ್ಟಿದ್ದು. ಗಟ್ಟಿಯಾಗಿ ಹೇಳಬೇಕು, ತುಟಿ ನೋಡತಿರತಾರ ಅಂತ ನಾ ಬರೀಬಾರದಿತ್ತು. ತುಟಿ ಯಾರೂ ನೋಡಲಿಲ್ಲ, ಅದು ನಾ ಕಟ್ಟಿದ್ದು.

೨೩ಕ್ಕ ಸಮಾಧಾನದಿಂದ ಹೋಗು. ಮೆಲ್ಲಗ ಅಂದ್ರೂ ನಡೀತೈತಿ.

ನಿನ್ನ ಅಣ್ಣ,
ಬಸವಣ್ಣೆಪ್ಪ


ಕ್ರಾನ್‌ಬರ್ನ್
೨೪ ಅಕ್ಟೋಬರ್ ೨೦೨೫

ಅಣ್ಣಾ,

ನಿನ್ನೆ ಆತು. ನಾ ಈ ದೇಶದಾಕಿ ಆದೆ. ಹೆಂಗಾತು ಅಂತ ಕೇಳು, ಕುಂತ ಕೇಳು.

ನಿನ್ನ ಕಾಗದ ಹೋದ ವಾರ ಬಂತು. ಓದಿ ಅತ್ತೆ, ಅತ್ತದ್ದಕ್ಕ ನಿಹಾರಿಕಾ ಏನಾತವ್ವ ಅಂದ್ಲು, ಉಳ್ಳಾಗಡ್ಡಿ ಅಂದೆ. ನೀ ಆಣೆ ಮುರಿಯೂದು ನನಗ ಬ್ಯಾಡ ಅಂತ ಬರಿಯಾಕ ಕುಂತೆ, ಕೈ ನಡೀಲಿಲ್ಲ. ನನ್ನ ಪದ ನನ್ನದ, ಅದನ್ನ ಯಾರ ಹೆಸರಿಗೂ ಹಾಕಾಕಿ ನಾ ಅಲ್ಲ. ಏನಾರ ಆಗಲಿ, ಹೋಗಿ ನಿಂತು ನೋಡೂದು ಅಂತ ಗಟ್ಟಿಮನಸ ಮಾಡಿದೆ.

ಹಸರ ಇಳಕಲ್ ಸೀರಿ ಉಟ್ಟೆ. ಹಾಲಿನ್ಯಾಗ ನೂರ ಮಂದಿ. ವಿಯೆಟ್ನಾಂದವರು, ಆಫ್ರಿಕಾದವರು, ಪಂಜಾಬಿನವರು, ಒಬ್ಬ ಇಂಗ್ಲೆಂಡಿನವನೂ ಇದ್ದ. ನೀ ಬರದಂಗ ಗ್ವಾಡಿ ಮ್ಯಾಲ ದೊರಿ ಪಟ. ಎಲ್ಲಿ ಕುಂತ್ರೂ ನನ್ನ ನೋಡಿದಂಗ ಆಗತಿತ್ತು. ಸಾನ್ವಿ ನನ್ನ ಹಿಂದ ಕುಂತಿದ್ಲು, ನಿಹಾರಿಕಾ ಫೋನ್ ಹಿಡದಿದ್ಲು. ಒಬ್ಬ ಸಾಹೇಬ ಹೆಸರು ಓದಿಕೋತ ನನ್ನ ಹತ್ತರ ಬಂದು ನನ್ನ ಕಾಗದ ನೋಡಿದ. ವಿಡಿಯೋ ನೋಡ್ಯಾನ ಅಂತ ತಿಳದೆ. ಸೀರಿ ಬಣ್ಣ ಚಂದ ಐತಿ ಅಂದು ಮುಂದ ಹ್ವಾದ.

ಆಮ್ಯಾಲ ಎಲ್ಲಾರನ್ನೂ ನಿಲ್ಲಿಸಿದ್ರು. ಮೇಯರ್ರು ಒಂದೊಂದ ತುಣಕು ಅನ್ನೂದು, ನಾವು ಅನ್ನೂದು. ನಾ ಕಿವಿ ಅಗಲ ಮಾಡಿ ನಿಂತಿದ್ದೆ. ಕಿಂಗ್ ಬಂತಂದ್ರ ಅನ್ನಬೇಕು, ಅನ್ನಬೇಕು ಅಂತ. ಗಾಡ್ ಅಂದ್ರು, ಅಂದೆ. ಆಸ್ಟ್ರೇಲಿಯಾ ಅಂದ್ರು, ಅಂದೆ. ಇನ್ನೇನ ಬರತೈತಿ ಅಂತ ಉಸರ ಹಿಡದೆ. ಮತ್ತೇನೇನೋ ಬಂತು. ಆಮ್ಯಾಲ ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಇನ್ನೂ ಉಸರ ಹಿಡದ ನಿಂತೀನಿ. ಮುಗದೈತಿ.

ಕಿಂಗ್ ಬರಲೇ ಇಲ್ಲ ಅಣ್ಣಾ.

ನಾ ಕೇಳಿದ್ದು ತಪ್ಪ ಇರಬೇಕು ಅಂತ ಸಾನ್ವಿನ್ನ ಕೇಳಿದೆ. ಆಕಿ ಕೈಯಾಗ ಆಣಿ ಬರದ ಕಾರ್ಡ್ ಇತ್ತು. ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ ನೋಡಿದ್ಲು. "ಕಿಂಗ್ ಇಲ್ಲ ಅಜ್ಜಿ. ಆಸ್ಟ್ರೇಲಿಯಾ ಅಂಡ್ ಇಟ್ಸ್ ಪೀಪಲ್. ಜಸ್ಟ್ ಪೀಪಲ್" ಅಂದ್ಲು, ಬರೇ ಮಂದಿ ಅಂತ. ಅದರಾಗ ಇಲ್ಲ ಅಂತ ಒಂದ ಮಾತು ಕನ್ನಡದಾಗ ಅಂದ್ಲು, ಅದಕ್ಕ ನನಗ ಇನ್ನೂ ಸಂತೋಷ ಆತು.

ಅಲ್ಲೇ ಕುರ್ಚಿ ಮ್ಯಾಲ ಕುಂತು ನಕ್ಕೆ. ನಕ್ಕು ನಕ್ಕು ಕಣ್ಣಾಗ ನೀರು ಬಂತು. ನಿಹಾರಿಕಾಗ ಎಲ್ಲಾ ಹೇಳಿದೆ, ಹಾಡು, ವಿಡಿಯೋ, ಬಚ್ಚಲದಾಗ ಕಿಂಗ್ ಕಿಂಗ್ ಅಂದದ್ದು. ಆಕಿ ಮೊದಲ ಬೈದ್ಲು, ಎರಡ ತಿಂಗಳು ಒಬ್ಬಾಕಿನ ಇದನ್ನ ಹೊತಗೊಂಡು ತಿರಗಿದಿ ಏನವ್ವಾ, ನನ್ನ ಒಂದ ಮಾತು ಕೇಳಬಾರದಿತ್ತಾ ಅಂತ. ಆಮ್ಯಾಲ ತೆಕ್ಕಿ ಹೊಡದು ಅತ್ಲು. ಇಲ್ಲಿ ಪ್ರಧಾನಮಂತ್ರಿನ್ನ ಬೈದು ಪತ್ರಿಕ್ಯಾಗ ಚಿತ್ರ ಬರೀತಾರವ್ವ, ನಿನ್ನ ಜೂನ್ ಪದಕ್ಕ ಯಾರು ಏನಂದಾರು ಅಂದ್ಲು.

ಮಂದಿ ಎಲ್ಲಾ ಚಹಾ ಕುಡಿಯಾಕ ಹೋದ ಮ್ಯಾಲ ನಾ ಸಾನ್ವಿನ್ನ ಕರಕೊಂಡು ಆ ಪಟದ ಮುಂದ ಹ್ವಾದೆ. ಸಿಟ್ಟ ಹೋಗಿತ್ತು, ಅಂಜಿಕಿ ಹೋಗಿತ್ತು, ಕನಿಕರ ಬಂತು ನೋಡು. ನೂರ ಮಂದಿ ಬಂದ್ರು, ಆಣೆ ಮಾಡಿದ್ರು, ಪಟದ ಜೋಡಿ ಫೋಟೋನೂ ತಗಸಿಕೊಂಡ್ರು. ಒಬ್ರೂ ಅವನ ಹೆಸರು ಎತ್ತಲಿಲ್ಲ. ನಮ್ಮ ಕಡೆ ಹೆಸರು ಹಿಡದು ಕರೀದ ಬೀಗ ಆಗಿದ್ರ ಎದ್ದ ಹೋಗ್ತಿದ್ದ. ಇವ ನಗತಾ ನಿಂತಾನ. ಅಲ್ಲೇ ಪದ ಬಂತು, ಮೆಲ್ಲಗ ಹಾಡಿದೆ, ಸಾನ್ವಿ ಕುರ್ಚಿ ಬಡದ್ಲು:

ನೂರ ಮಂದಿ ಆಣೆ ಮಾಡಿದ್ರು ನಿನ್ನ ಹೆಸರ ಎತ್ತಲಿಲ್ಲ
ಗ್ವಾಡಿ ಮ್ಯಾಲ ನಗತಾ ನಿಂತಿ ಒಂದ ಮಾತ ಸಿಟ್ಟಿಲ್ಲ
ಹೆಸರ ಹೇಳದವರ ಮುಂದ ಸುಮ್ಮನಿರೂದ ದೊಡ್ಡಸ್ತನ
ದೊರಿ ಅಂದ್ರ ನೀನ ಖರೆ ಒಪ್ಪಿತಪ್ಪ ನನ್ನ ಮನ

ಹೊಗಳೂ ಪಾಳಿ ನನಗ ಬೇಕು. ಯಾರೂ ಆಣೆ ಹಾಕಿಸಿಲ್ಲ, ನಾನಾಗೇ ಕೇಳಾಕತ್ತೀನಿ. ನೀ ಒಂದ ಕೆಲಸ ಮಾಡು. ನಿನ್ನ ಕಾರ್ಡ್ ಹುಡಿಕಿ ಓದು. ರಾಣಿ ಹೆಸರು ಅದರಾಗ ಐತೇನು?

ನನಗೂ ಒಂದು ಸಸಿ ಕೊಟ್ಟಾರ.

ಚಿನ್ನಮ್ಮ


ವೆಂಟ್‌ವರ್ತ್‌ವಿಲ್
೩೦ ಅಕ್ಟೋಬರ್ ೨೦೨೫

ತಂಗೀ,

ಕಾರ್ಡ್ ಸಿಕ್ತು, ಸರ್ಟಿಫಿಕೇಟಿನ ಪ್ಲಾಸ್ಟಿಕ್ ಚೀಲದಾಗ ಇತ್ತು. ಕನ್ನಡಕ ಹಾಕಿ ಓದಿದೆ, ಸುಧನ್ವನ ಕೈಯಾಗೂ ಓದಿಸಿದೆ. ರಾಣಿ ಇಲ್ಲ. ಅದು ಮೂವತ್ತು ವರ್ಷದ ಹಿಂದನ ತಗದಾರಂತ. ನಾ ಬರೂದಕ್ಕಿಂತ ಮೊದಲ.

ಹಂಗಾರ ನಾ ರಾಣಿ ಅಂದದ್ದು ಸುಳ್ಳಾ ಅಂತ ಸುಧನ್ವನ್ನ ಕೇಳಿದೆ, ನನಗ ಅಂದದ್ದು ಸ್ಪಷ್ಟ ನೆನಪೈತಿ. ಅಂವ ನಕ್ಕು ನಕ್ಕು ಗ್ವಾಡಿಗೆ ಆತಗೊಂಡ ನಿಂತ. ಅವತ್ತ ಎಲ್ಲಾರೂ ಆಣೆ ಮುಗಿಸಿ ಸುಮ್ಮನಾದ ಮ್ಯಾಲ, ಕಡೀ ಸಾಲಿನಿಂದ ನಾ ಒಬ್ಬನ "ಅಂಡ್ ಕ್ವೀನ್" ಅಂತ ಕೂಗಿದ್ನಂತ. ಪಟ ನೋಡಿ ನೋಡಿ, ಆಕಿ ಹೆಸರು ಬಿಟ್ರಲ್ಲ ಅಂತ ನಾನ ಸೇರಿಸಿರಬೇಕು. ಅದಕ್ಕ ಮೇಯರಮ್ಮ ನಕ್ಕದ್ದು. ಅಪ್ಪಗ ನಾಚಿಕಿ ಆದೀತು ಅಂತ ಮಗ ಒಂಬತ್ತು ವರ್ಷ ಹೇಳಿಲ್ಲ.

ಯಾರೂ ಕೇಳದ ಮಾತು ಕೊಟ್ಟು, ಅದನ್ನ ಗಿಡದ ಜೋಡಿ ನೀರು ಹಾಕಿ ಬೆಳಸೀನಿ. ಟಿವ್ಯಾಗ ನಗೂ ಸುದ್ದಿ ಬಂದಾಗೆಲ್ಲ ಎದ್ದು ಹಿತ್ತಲಿಗೆ ಹೋಗೀನಿ. ನಿನ್ನೆ ಮೊದಲ ಸಲ ಕುಂತು ನೋಡಿದೆ, ಎಲ್ಲಾರ ಜೋಡಿ ನಕ್ಕೆ. ಎದಿ ಹಗುರ ಆತು ತಂಗಿ, ಖರೆನ ಹಗುರ ಆತು. ಸೊಸಿ ಒಳಗಿಂದ ಬಂದು, ಮಾವ ನಗಾಕತ್ತಾರ ಅಂತ ಮಗನ್ನ ಕರದ್ಲು.

ಬೈಯೂ ಪಾಳಿ ಆತು, ತಗೊಂಡೆ. ಮೂರ ದಿವಸದಾಗ ಹನ್ನೊಂದು ಪದ ಬರದೀನಿ, ಕೈ ನಿಲ್ಲವಲ್ದು. ಅವನ್ನ ಇಲ್ಲಿ ಬರಿಯೂದಿಲ್ಲ, ಸೋಲಾಕ ತಯಾರಾಗಿ ಬಾ. ಬನಹಟ್ಟಿದೂ ಕೂಡಿಸಿ ತೀರಸ್ತೀನಿ. ಏಳನೇ ತಾರೀಖಿಗೆ ವಿಮಾನ ಇಳಿಯೂದ್ರಾಗ ಸುಧನ್ವ ಕಾರ್ ತಗೊಂಡು ಬಂದಿರ್ತಾನ. ಮುಚ್ಚಳ ಬಡಿಯಾಕಿನ್ನೂ ಕರಕೊಂಡ ಬಾ, ಆಕಿ ಇಲ್ಲದ ನಾ ಹಾಡೂದಿಲ್ಲ.

ಒಂದ ಮಾತು ಉಳೀತು. ಕೊನೀಗೆ ಕೂಡಿ ಹಾಡೂ ಮಂಗಳ ಯಾರ ಹೆಸರಿಗೆ ಅಂತ ಚಿನ್ಮಯಿ ಕೇಳಿದ್ಲು, ಕಾರ್ಯಕ್ರಮದ ಹಾಳ್ಯಾಗ ಅಚ್ಚು ಹಾಕಿಸಬೇಕಂತ. ಮೊದಲಾಗಿದ್ರ ದೊರಿ ಹೆಸರಿಗೆ ಅಂತಿದ್ದೆ. ನಿನ್ನ ಮೊಮ್ಮಗಳು ಕಾರ್ಡ್ ನೋಡಿ ಅಂದದ್ದನ್ನ ಬರಸೀನಿ. ಮಂಗಳ, ಮುಂದ ಕುಂತ ಮಂದಿಗೆ.

ಬಸವಣ್ಣೆಪ್ಪ